ಡಬ್ಬಿಯ ಹಿಂದೆಯೂ ಒಂದು ಅಡುಗೆಮನೆಯಿದೆ

ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಆಹಾರದ ಕುರಿತು ಪ್ರಕಟವಾದ ಲೇಖನವನ್ನು ಓದಿದೆ. ಅಮೆರಿಕನ್ನರಿಗೆ ಮನೆಯಡುಗೆ ಎಂಬುದೇ ಇಲ್ಲ, ಇರುವುದೆಲ್ಲ ಬರ್ಗರ್ ಮತ್ತು ಡಬ್ಬಿಯ ಊಟ ಎಂಬ ಅದರ ಧಾಟಿಯನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಮಗಳ ಬಾಣಂತನಕ್ಕೆಂದು ಮಿನ್ನೆಸೋಟ ರಾಜ್ಯದಲ್ಲಿ ಆರು ತಿಂಗಳು ಇದ್ದು ಬಂದವಳು ನಾನು. ಸಸ್ಯಾಹಾರಿಯಾದ್ದರಿಂದ ಅಲ್ಲಿನ ಅಡುಗೆಯಲ್ಲಿ ಅರ್ಧವನ್ನು ಕಂಡಿದ್ದೇನೆಯೇ ಹೊರತು ಉಂಡಿಲ್ಲ.

ಮಗು ಹುಟ್ಟಿದ ವಾರದಲ್ಲಿಯೇ ಪಕ್ಕದ ಮನೆಯವರು ಒಲೆಯಲ್ಲಿ ಬೇಯಿಸಿದ ಮ್ಯಾಕರೋನಿಯನ್ನು ಗಾಜಿನ ತಟ್ಟೆಯ ಸಮೇತ ತಂದುಕೊಟ್ಟರು. ತಟ್ಟೆಯ ತಳದಲ್ಲಿ ಅಂಟುಪಟ್ಟಿಯ ಮೇಲೆ ಅವರ ಹೆಸರಿತ್ತು, ಪಾತ್ರೆ ಮರಳಿ ಯಾರ ಮನೆಗೆ ಹೋಗಬೇಕೆಂದು ತಿಳಿಯಲು. ಹೆರಿಗೆಯಾದ ಮನೆಗೂ ಸಾವಾದ ಮನೆಗೂ ಹೀಗೆ ಊಟ ಒಯ್ಯುವುದು ಅಲ್ಲಿನ ವಾಡಿಕೆಯಂತೆ. (ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಲು ಮನಸ್ಸು ಬಾರದೆ ಕೋಡುಬಳೆ ತುಂಬಿಸಿ ಕಳುಹಿಸಿದೆ. ಎರಡೇ ದಿನದಲ್ಲಿ ಆ ಪಾತ್ರೆ ಮತ್ತೆ ತುಂಬಿಕೊಂಡು ಬಂತು.) ಕೊಚ್ಚಿದ ಮಾಂಸ, ತರಕಾರಿ, ಡಬ್ಬಿಯ ಸೂಪು ಇವನ್ನೆಲ್ಲ ಒಂದೇ ತಟ್ಟೆಯಲ್ಲಿ ಹಾಕಿ, ಮೇಲೆ ಆಲೂಗಡ್ಡೆಯ ತುಣುಕುಗಳನ್ನು ಹೊದಿಸಿ ಬೇಯಿಸುವ ಪದಾರ್ಥವನ್ನು ಆ ಸೀಮೆಯವರು ‘ಹಾಟ್‌ಡಿಶ್’ ಎನ್ನುತ್ತಾರೆ. ಅದರ ಹಳೆಯ ಮುದ್ರಿತ ಉಲ್ಲೇಖಗಳಲ್ಲೊಂದು 1930ರಲ್ಲಿ ಅದೇ ರಾಜ್ಯದ ಮಂಕೇಟೊ ಪಟ್ಟಣದ ಲೂಥರನ್ ಚರ್ಚಿನ ಮಹಿಳೆಯರು ಹೊರತಂದ ಅಡುಗೆ ಪುಸ್ತಕದಲ್ಲಿದೆ. ಅಂದರೆ ಈ ಅಡುಗೆಯನ್ನು ಬರೆದಿಟ್ಟವರು ಹೋಟೆಲಿನವರಲ್ಲ, ಗೃಹಿಣಿಯರು.

ಆ 1930 ಎಂಬ ಇಸವಿಯನ್ನೂ ಗಮನಿಸಬೇಕು. ಹಿಂದಿನ ವರ್ಷವಷ್ಟೇ ಷೇರುಪೇಟೆ ಕುಸಿದು ಮಹಾ ಆರ್ಥಿಕ ಕುಸಿತ ಆರಂಭವಾಗಿತ್ತು. ನೆಂಟರು ಹೆಚ್ಚಾದಾಗ ನಾವು ಸಾರಿಗೆ ಒಂದು ತಂಬಿಗೆ ನೀರು ಬೆರೆಸುವಂತೆ, ಅಲ್ಲಿನ ಗೃಹಿಣಿಯರು ಸ್ವಲ್ಪ ಮಾಂಸಕ್ಕೆ ಬ್ರೆಡ್ಡಿನ ಪುಡಿಯನ್ನೋ ಓಟ್ಸನ್ನೋ ಕಲಸಿ, ‘ಮೀಟ್‌ಲೋಫ್’ ಎಂಬ ಮುದ್ದೆಯಾಗಿ ಬೇಯಿಸಿ ಮನೆಮಂದಿಗೆಲ್ಲ ಬರುವಂತೆ ಮಾಡುತ್ತಿದ್ದರು. ಲೇಖಕರು ಹೀಗಳೆದಿರುವ ಕ್ರಾಫ್ಟ್ ಕಂಪನಿಯ ಮ್ಯಾಕರೋನಿ ಡಬ್ಬಿಯೂ ಈ ಕಾಲದ ಕೂಸೇ. 1937ರಲ್ಲಿ ಅದು ಮಾರುಕಟ್ಟೆಗೆ ಬಂದಾಗ 19 ಸೆಂಟಿಗೆ ನಾಲ್ವರ ಊಟವಾಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಮಾಂಸಕ್ಕೂ ಹಾಲಿನ ಪದಾರ್ಥಗಳಿಗೂ ಪಡಿತರ ಬಂದಾಗ ಒಂದು ಕೂಪನ್ನಿಗೆ ಇಂಥ ಎರಡು ಡಬ್ಬಿಗಳು ಸಿಗುತ್ತಿದ್ದವು. ಅಂದಿನ ತಾಯಂದಿರು ಡಬ್ಬಿಯನ್ನು ಕೊಂಡದ್ದು ಸೋಮಾರಿತನದಿಂದ ಎನ್ನುವವರು ಪಡಿತರದ ಸಾಲಿನಲ್ಲಿ ನಿಂತವರಲ್ಲವೆಂದು ತೋರುತ್ತದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿ ನಾನು ಎರಡು ಸಲ ಬಡಿಸಿಕೊಂಡು ತಿಂದ ಬೀನ್ಸಿನ ಕ್ಯಾಸರೋಲ್ (ತಟ್ಟೆಯ ಸಮೇತ ಓವನ್ನಿನಲ್ಲಿ ಬೇಯಿಸುವ ಪದಾರ್ಥ) ಕೂಡ ಕಂಪನಿಯ ಅಡುಗೆಮನೆಯಲ್ಲಿ ಹುಟ್ಟಿದ್ದು. 1955ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ, ಕ್ಯಾಂಪ್‌ಬೆಲ್ ಸೂಪು ಕಂಪನಿಯ ಉದ್ಯೋಗಿ ಡಾರ್ಕಸ್ ರೈಲಿ ಎಂಬಾಕೆ ಮತ್ತು ಅವರ ಸಹೋದ್ಯೋಗಿಗಳು ಬೀನ್ಸ್, ಅಣಬೆ ಸೂಪು, ಹಾಲು, ಸೋಯಾ ಸಾಸ್, ಮೆಣಸು, ಕರಿದ ಈರುಳ್ಳಿ, ಈ ಆರೇ ಪದಾರ್ಥಗಳಿಂದ ಅದನ್ನು ರೂಪಿಸಿದರು. ಅದನ್ನು ಹಬ್ಬದಡುಗೆಯಾಗಿ ಮಾಡಿಕೊಂಡವರು ಮಾತ್ರ ಮನೆಯವರು. ಕಂಪನಿ ಎಷ್ಟೇ ಜಾಹೀರಾತು ಕೊಡಲಿ, ರುಚಿಸದ ಅಡುಗೆ ಮೂರು ತಲೆಮಾರು ಉಳಿಯುವುದಿಲ್ಲ.

ಎಲ್ಲವೂ ಡಬ್ಬಿಯಿಂದ ಬಂದದ್ದೂ ಅಲ್ಲ. ಮೆಕ್ಕೆಜೋಳ, ಬೀನ್ಸ್ ಜಾತಿಯ ಕಾಳು, ಕುಂಬಳ ಈ ಮೂರನ್ನೂ ಒಂದೇ ಹೊಲದಲ್ಲಿ ಬೆಳೆದು ಉಣ್ಣುತ್ತಿದ್ದವರು ಅಲ್ಲಿನ ಮೂಲನಿವಾಸಿಗಳು, ಮೆಕ್ಕೆಜೋಳದ ಹಿಟ್ಟಿನ ‘ಕಾರ್ನ್‌ಬ್ರೆಡ್’ ಅವರ ಬಳುವಳಿ. ಅದಕ್ಕೆ ಸಕ್ಕರೆ ಹಾಕಬೇಕೇ ಬೇಡವೇ ಎಂದು ದಕ್ಷಿಣದವರೂ ಉತ್ತರದವರೂ ಮಾಡುವ ವಾದವನ್ನು ಕೇಳಿದಾಗ, ಹುಳಿಗೆ ಬೆಲ್ಲ ಹಾಕುವ ಬಗೆಗಿನ ನಮ್ಮೂರಿನ ಜಗಳವೇ ನೆನಪಾಯಿತು. ಇನ್ನು ದಕ್ಷಿಣದ ಲೂಸಿಯಾನ ರಾಜ್ಯದ ಗಟ್ಟಿ ಸಾರಿಗಿರುವ ‘ಗಂಬೊ’ ಎಂಬ ಹೆಸರು ಬೆಂಡೆಕಾಯಿಯನ್ನು ಸೂಚಿಸುವ ಆಫ್ರಿಕದ ಪದದಿಂದ ಬಂದದ್ದೆಂದು ಹೇಳುತ್ತಾರೆ.

ಲೇಖನದಲ್ಲಿ ನನ್ನನ್ನು ಹೆಚ್ಚು ಕೆಣಕಿದ ಸಾಲು ಬೇರೆಯದು. ಚೀಸ್ ಬೆರೆಸಿದ ಮ್ಯಾಕರೋನಿಯನ್ನು ಅಮೆರಿಕಕ್ಕೆ ಪರಿಚಯಿಸಿದವರು ಅಧ್ಯಕ್ಷ ಥಾಮಸ್ ಜೆಫರ್ಸನ್ ಎಂದು ಅಲ್ಲಿ ಬರೆದಿದೆ. ಅಂಥ ಪಾಕವಿಧಾನ ಅವರಿಗಿಂತ ಮೊದಲೇ ಇಂಗ್ಲಿಷರ ಅಡುಗೆ ಪುಸ್ತಕಗಳಲ್ಲಿತ್ತು ಎಂಬುದು ಹಾಗಿರಲಿ. ಜೆಫರ್ಸನ್ 1784ರಲ್ಲಿ ಪ್ಯಾರಿಸ್ಸಿಗೆ ಹೋದಾಗ ತಮ್ಮ ಗುಲಾಮರಾಗಿದ್ದ ಜೇಮ್ಸ್ ಹೆಮಿಂಗ್ಸ್ ಎಂಬ ಯುವಕನನ್ನು ಜೊತೆಗೆ ಕರೆದೊಯ್ದರು. ಫ್ರೆಂಚ್ ಅಡುಗೆಯನ್ನು ಒಲೆಯ ಮುಂದೆ ನಿಂತು ಕಲಿತವರು ಹೆಮಿಂಗ್ಸ್. ಇನ್ನೊಬ್ಬರಿಗೆ ಆ ವಿದ್ಯೆಯನ್ನು ಕಲಿಸಿಕೊಟ್ಟರೆ ಮಾತ್ರ ಬಿಡುಗಡೆ ಎಂಬ ಕರಾರಿಗೆ ಒಳಪಟ್ಟು, ತಮ್ಮನಾದ ಪೀಟರ್‌ಗೆ ಕಲಿಸಿ, 1796ರಲ್ಲಿ ಅವರು ಸ್ವತಂತ್ರರಾದರು. ತಮ್ಮ ಇನ್ನೂ ಗುಲಾಮನಾಗಿಯೇ ಉಳಿದ. ಆ ವರ್ಷ ಹೆಮಿಂಗ್ಸ್ ಸ್ವಹಸ್ತದಿಂದ ಬರೆದ ಅಡುಗೆ ಪಾತ್ರೆಗಳ ಪಟ್ಟಿ ಇಂದಿಗೂ ಉಳಿದಿದೆ. ಐದು ವರ್ಷದ ಬಳಿಕ, 1801ರಲ್ಲಿ ಅವರು ತೀರಿಕೊಂಡರು. 1802ರಲ್ಲಿ ಅಧ್ಯಕ್ಷರ ಮನೆಯ ಔತಣದಲ್ಲಿ ಮ್ಯಾಕರೋನಿ ಬಡಿಸಿದ ಸಂಗತಿಯನ್ನು ಅತಿಥಿಯೊಬ್ಬರು ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಉಣಬಡಿಸಿದ ಯಜಮಾನನ ಹೆಸರನ್ನು ಬರೆದು ಅಟ್ಟವರ ಹೆಸರನ್ನು ಬಿಡುವುದು ನಮ್ಮ ಮದುವೆಮನೆಗಳಲ್ಲಿಯೂ ಇರುವ ರೂಢಿ. ಪತ್ರಿಕೆಯಾದರೂ ಅದನ್ನು ಮುಂದುವರಿಸಬಾರದಿತ್ತು. ಮುಂದಿನ ಪುರವಣಿಯಲ್ಲಿ ಹೆಮಿಂಗ್ಸ್ ಅವರ ಹೆಸರನ್ನು ಸೇರಿಸಿ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಅದೇ ತಿದ್ದುಪಡಿಯಲ್ಲಿ ಇನ್ನೊಂದನ್ನೂ ಸೇರಿಸಿಕೊಳ್ಳಿ. ಲೇಖನದ ಕೊನೆಗೆ ಕೊಟ್ಟಿರುವ ಪಾಕವಿಧಾನದಲ್ಲಿ ಮ್ಯಾಕರೋನಿಯನ್ನು ‘350 ಡಿಗ್ರಿ ಸೆಲ್ಸಿಯಸ್’ನಲ್ಲಿ ಬೇಯಿಸಲು ಸೂಚಿಸಲಾಗಿದೆ. ಅಮೆರಿಕದ ಅಡುಗೆ ಪುಸ್ತಕಗಳ 350 ಫ್ಯಾರನ್‌ಹೀಟ್ ಲೆಕ್ಕದ್ದು, ನಮ್ಮ ಓವನ್ನಿನಲ್ಲಿ ಅದು ಸುಮಾರು 175 ಡಿಗ್ರಿ. ಮುದ್ರಿತ ಅಂಕಿಯನ್ನು ನಂಬಿದ ನನ್ನ ಸೊಸೆ ಓವನ್ನಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ್ದಳು. ತಟ್ಟೆಗೆ ಹತ್ತಿಕೊಂಡ ಚೀಸನ್ನು ನಾವು ಇನ್ನೂ ಉಜ್ಜುತ್ತಿದ್ದೇವೆ.

ಇತಿ,
ಒಬ್ಬ ನಿವೃತ್ತ ಶಿಕ್ಷಕಿ, ಶಿವಮೊಗ್ಗ