ಬಾನೆಟ್ ಎತ್ತಬೇಡಿ ಅನ್ನೋ ಬದಲು ಎಲ್ಲಿ ಕೈ ಹಾಕ್ಬೋದು ಅಂತ ಬರೀರಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ವಾಹನ ಪುಟದಲ್ಲಿ ಬಂದ ಲೇಖನ ಓದಿದೆ. ಈಗಿನ ಕಾರುಗಳು ಪೂರ್ತಿ ಎಲೆಕ್ಟ್ರಾನಿಕ್ ಆಗ್ಬಿಟ್ಟಿವೆ, ಓನರ್ ಆದವರು ಬಾನೆಟ್ ಎತ್ತೋಕೇ ಹೋಗಬಾರದು, ಏನಿದ್ರೂ ಸರ್ವಿಸ್ ಸೆಂಟರ್‌ನವರಿಗೆ ಬಿಡಿ ಅನ್ನೋದು ಅದರ ಸಾರ. ಸರಿ ಅಂತ ಕಣ್ಣು ಕೆಳಗೆ ಇಳಿಸಿದ್ರೆ ಅದೇ ಪುಟದಲ್ಲಿ ಹೆಡ್‌ಲೈಟಿಗೆ ಎಲ್ಇಡಿ ಹಾಕ್ಕೊಳ್ಳಿ, ದೊಡ್ಡ ವೀಲ್ ಹಾಕ್ಕೊಳ್ಳಿ ಅಂತ ಒಂದು ಬಾಕ್ಸ್! ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡೋಕೆ ಯೋಗ್ಯತೆ ಇಲ್ಲದವನು ಹೆಡ್‌ಲೈಟ್ ಬದಲಾಯಿಸ್ಬೋದು ಅನ್ನೋದು ಯಾವ ಲೆಕ್ಕ ಅಂತ ನನಗಂತೂ ಹೊಳೀಲಿಲ್ಲ.

ನಾನು ಮೆಕ್ಯಾನಿಕ್ ಅಲ್ಲ, ನನ್ನ ಕಾರಿನ ಕೆಲಸ ನಾನೇ ಮಾಡ್ಕೊಳ್ಳೋ ಚಟ ಇರೋನು ಅಷ್ಟೆ. ಯಾವ ಕೆಲಸ ನಾವು ಮಾಡ್ಬೇಕು ಯಾವುದು ಬಿಡ್ಬೇಕು ಅಂತ ನಿರ್ಧಾರ ಮಾಡೋಕೆ ಸುಲಭನಾ ಕಷ್ಟನಾ ಅಂತ ಯೋಚಿಸಿದ್ರೆ ಸಾಲದು. ತಪ್ಪಾದ್ರೆ ಅದು ಯಾವಾಗ ಗೊತ್ತಾಗುತ್ತೆ, ಯಾರಿಗೆ ಗೊತ್ತಾಗುತ್ತೆ ಅಂತ ಕೇಳ್ಕೋಬೇಕು. ಎಸಿ ಗಾಳಿಯ ಕ್ಯಾಬಿನ್ ಫಿಲ್ಟರ್ ಉಲ್ಟಾ ಹಾಕಿದ್ರೆ ಯಾರ ತಲೆಯೂ ಹೋಗಲ್ಲ, ಬಾಣದ ಗುರುತು ನೋಡಿ ತಿರುಗಿಸಿ ಹಾಕಿದ್ರಾಯ್ತು. ಹಳೇ ಆಯಿಲ್ ಇಳಿಸೋ ಡ್ರೈನ್ ಬೋಲ್ಟ್ ಸರಿಯಾಗಿ ಕೂತಿಲ್ಲ ಅಂದ್ರೆ ಸಾಮಾನ್ಯವಾಗಿ ನಿಂತಲ್ಲೇ ನೆಲದ ಮೇಲೆ ತೊಟ್ಟು ಬಿದ್ದು ಹೇಳುತ್ತೆ. ಅದೇ ಬ್ರೇಕ್ ಲೈನಲ್ಲಿ ಗಾಳಿ ಉಳಿದಿದ್ರೆ ಅದು ಗೊತ್ತಾಗೋದು ನೀವು ಜೋರಾಗಿ ಬ್ರೇಕ್ ಒತ್ತಿದಾಗ್ಲೇ ಆಗಿರ್ಬೋದು. ಮೂರಕ್ಕೂ ದೊಡ್ಡ ಸಲಕರಣೆ ಏನೂ ಬೇಡ, ಆದ್ರೆ ಮೂರೂ ಒಂದೇ ಅಲ್ಲ.

ಮೊದಲು ಟೈರ್. ಎಷ್ಟೋ ಜನ ಟೈರ್ ಪಕ್ಕದಲ್ಲಿ ಬರೆದಿರೋ ಪ್ರೆಷರ್ ನೋಡಿ ಗಾಳಿ ಹಾಕಿಸ್ತಾರೆ, ಅದು ಆ ಟೈರಿನ ಗರಿಷ್ಠ ಮಿತಿ, ನಿಮ್ಮ ಕಾರಿಗೆ ಎಷ್ಟು ಬೇಕು ಅನ್ನೋದು ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಡೋರ್ ತೆಗೆದ್ರೆ ಕಾಣೋ ಸ್ಟಿಕರಲ್ಲಿ ಇರುತ್ತೆ, ಅದೂ ಟೈರ್ ತಣ್ಣಗಿದ್ದಾಗಿನ ಲೆಕ್ಕ. ಗಾಳಿ ಕಮ್ಮಿ ಇದ್ದು ಸ್ಪೀಡಲ್ಲಿ ಓಡಿಸಿದ್ರೆ ಪಕ್ಕದ ಗೋಡೆ ಬಾಗಿ ಬಾಗಿ ಬಿಸಿಯಾಗಿ ಸಿಡಿಯೋದು. ಅಲ್ಲೇ ಪಕ್ಕದಲ್ಲಿ DOT (ಡಾಟ್) ಅನ್ನೋ ಅಕ್ಷರಗಳಿಂದ ಶುರುವಾಗೋ ಸಾಲಿನ ಕೊನೇ ನಾಲ್ಕು ಅಂಕಿ ನೋಡಿ, 3521 ಅಂತಿದ್ರೆ 2021ರ 35ನೇ ವಾರ ತಯಾರಾದ ಟೈರ್ ಅಂತ. ಸ್ಟೆಪ್ನಿದೂ ನೋಡಿ, ಅದರ ನೆನಪು ಯಾರಿಗೂ ಇರಲ್ಲ.

ಆಯಿಲ್ ವಿಷಯಕ್ಕೆ ಬಂದ್ರೆ ದಪ್ಪ ಆಯಿಲ್ ಇಂಜಿನ್‌ಗೆ ಒಳ್ಳೇದು ಅನ್ನೋ ಹಳೇ ನಂಬಿಕೆ ಇನ್ನೂ ಹೋಗಿಲ್ಲ. 5ಡಬ್ಲ್ಯೂ-30 ಅಂದ್ರೆ ಮೊದಲನೇದು ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತೆ ಅನ್ನೋದಕ್ಕೆ, 30 ಅನ್ನೋದು ಬಿಸಿ ಇಂಜಿನಲ್ಲಿ ಎಷ್ಟು ಗಟ್ಟಿ ಅನ್ನೋದಕ್ಕೆ. ಈಗಿನ ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವ್ ಟೈಮಿಂಗ್, ಅಂದ್ರೆ ವಾಲ್ವ್‌ಗಳು ಯಾವಾಗ ತೆರೆದು ಮುಚ್ಚಬೇಕು ಅನ್ನೋದನ್ನ, ಬದಲಾಯಿಸೋದೂ ಈ ಆಯಿಲ್ ಒತ್ತಡನೇ, ಅದಕ್ಕೇ ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡೇ ಹಾಕ್ಬೇಕು. ಇನ್ನು ಕಮ್ಮಿ ಇದ್ರೆ ಕೆಟ್ಟದ್ದು ಜಾಸ್ತಿ ಇದ್ರೆ ಒಳ್ಳೇದು ಅಂತ ಮ್ಯಾಕ್ಸ್ ಗೆರೆ ದಾಟಿಸಿ ಸುರೀತಾರಲ್ಲ, ಆಗ ಪಿಸ್ಟನ್‌ಗಳು ತಿರುಗಿಸೋ ಕ್ರ್ಯಾಂಕ್ ಅನ್ನೋ ದಂಡ ಆಯಿಲನ್ನ ಕಡೆದು ನೊರೆ ಎಬ್ಬಿಸುತ್ತೆ, ನೊರೆಯಿಂದ ಬೇರಿಂಗಿಗೆ ರಕ್ಷಣೆ ಸಿಗಲ್ಲ. (ಹಳೇ ಆಯಿಲ್ ಚರಂಡಿಗೆ ಸುರಿಯೋರು ದಯವಿಟ್ಟು ಈ ಕೆಲಸಕ್ಕೆ ಇಳೀಬೇಡಿ, ಡಬ್ಬಕ್ಕೆ ತುಂಬಿ ಬಳಸಿದ ಆಯಿಲ್ ತಗೊಳ್ಳೋ ಜಾಗಕ್ಕೆ ಕೊಡೋಕಾಗುತ್ತೆ ಅಂದ್ರೆ ಮಾತ್ರ ಮಾಡಿ.)

ಕೂಲಂಟ್, ಅಂದ್ರೆ ಇಂಜಿನ್ ತಂಪಾಗಿಡೋ ದ್ರವ, ಅದನ್ನ ಬಣ್ಣ ನೋಡಿ ತಗೋಬೇಡಿ, ಬಣ್ಣಕ್ಕೆ ಎಲ್ಲಾ ಕಂಪನಿಗೂ ಒಂದೇ ನಿಯಮ ಅಂತಿಲ್ಲ. ಇಂಜಿನ್ ಬಿಸಿ ಇದ್ದಾಗ ಮುಚ್ಚಳ ಮುಟ್ಟಲೇಬೇಡಿ, ಒಳಗೆ ಒತ್ತಡ ಇರೋದ್ರಿಂದ 100 ಡಿಗ್ರಿ ದಾಟಿದ್ರೂ ಕುದೀದೆ ಕೂತಿರುತ್ತೆ, ತೆಗೆದ ಕ್ಷಣ ಒತ್ತಡ ಇಳಿದು ಮುಖಕ್ಕೆ ಚಿಮ್ಮುತ್ತೆ.

ಬ್ಯಾಟರಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಬೆಳಿಗ್ಗೆ ಸ್ಟಾರ್ಟ್ ಆಗ್ಲಿಲ್ಲ ಅಂದ ಕೂಡ್ಲೇ ಹೊಸ ಬ್ಯಾಟರಿ ತರೋರೇ ಜಾಸ್ತಿ. ವೋಲ್ಟ್ ಅಳೆಯೋ ಒಂದು ಸಾದಾ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇದ್ರೆ ಚಾರ್ಜ್ ತುಂಬಿದೆ ಅಂತ, 12.2 ಇದ್ರೆ ಹೆಚ್ಚುಕಮ್ಮಿ ಅರ್ಧ. ಇಂಜಿನ್ ಓಡ್ತಿರುವಾಗ ಸಾಮಾನ್ಯವಾಗಿ 14ರ ಹತ್ತಿರ ಇರ್ಬೇಕು, ಆಗ್ಲೂ 12ರಲ್ಲೇ ಕೂತಿದ್ರೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಕಡೆ ನೋಡಿ, ಇಲ್ದಿದ್ರೆ ಹೊಸ ಬ್ಯಾಟರಿನೂ ಖಾಲಿಯಾಗೋದೇ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಪಾಸಿಟಿವ್ ಮೊದಲು ಬಿಚ್ಚೋಕೆ ಹೋಗಿ ಸ್ಪ್ಯಾನರ್ ಕಾರಿನ ಲೋಹದ ಬಾಡಿಗೆ ತಗುಲಿದ್ರೆ, ಬಾಡಿ ನೆಗೆಟಿವ್‌ಗೆ ಸೇರಿರೋದ್ರಿಂದ, ನೇರ ಶಾರ್ಟ್.

ಎಲೆಕ್ಟ್ರಾನಿಕ್ ಅಂತ ಹೆದರಿಸ್ತೀರಲ್ಲ, ಆ ಎಲೆಕ್ಟ್ರಾನಿಕ್ಸೇ ನಮಗೆ ಸಹಾಯ ಮಾಡುತ್ತೆ. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ ಒಬಿಡಿ-2, ಅಂದ್ರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನ ಓದೋ ಸಾಕೆಟ್, ಕಡ್ಡಾಯ ಆಯ್ತು, ಆಮೇಲೆ ಬೇರೆ ಕಡೆನೂ ಬಂತು, ಒಂದು ಚಿಕ್ಕ ಸ್ಕ್ಯಾನರ್ ಸಿಕ್ಕಿಸಿದ್ರೆ ಚೆಕ್ ಇಂಜಿನ್ ಲೈಟ್ ಯಾಕೆ ಉರೀತಿದೆ ಅಂತ ಮೊಬೈಲಲ್ಲೇ ಕಾಣುತ್ತೆ. ಆದ್ರೆ ಅದರಲ್ಲಿ ಬರೋ ಕೋಡ್ ಅನ್ನೋದು ದೂರು ಮಾತ್ರ, ತೀರ್ಪು ಅಂತ ತಗೋಬೇಡಿ. ಪಿ0420, ಅಂದ್ರೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಸಾಲ್ತಿಲ್ಲ ಅನ್ನೋ ಕೋಡ್, ಬಂತು ಅಂತ ಆ ದುಬಾರಿ ಕನ್ವರ್ಟರನ್ನೇ ಬದಲಾಯಿಸಿಬಿಡ್ತಾರೆ, ಎಕ್ಸಾಸ್ಟ್ ಪೈಪಲ್ಲಿ ಲೀಕ್ ಇದ್ರೂ ಆಕ್ಸಿಜನ್ ಸೆನ್ಸರ್ ಕೆಟ್ಟಿದ್ರೂ ಅದೇ ಕೋಡ್ ಬರ್ಬೋದು. ಪಿ0171 ಅಂದ್ರೆ ಗಾಳಿಗೆ ಹೋಲಿಸಿದ್ರೆ ಪೆಟ್ರೋಲ್ ಕಮ್ಮಿ ಆಗ್ತಿದೆ ಅಂತ, ಎಷ್ಟೋ ಸಲ ಬಿರುಕು ಬಿಟ್ಟು ಹೆಚ್ಚುವರಿ ಗಾಳಿ ಒಳಗೆ ಬಿಡೋ ಒಂದು ವ್ಯಾಕ್ಯೂಮ್ ಪೈಪೇ ಕಾರಣ ಆಗಿರುತ್ತೆ. ಕ್ಲಿಯರ್ ಬಟನ್ ಒತ್ತೋ ಮುಂಚೆ ಫ್ರೀಜ್ ಫ್ರೇಮ್ ನೋಡಿ ಬರೆದಿಟ್ಕೊಳ್ಳಿ, ಕೋಡ್ ಬಂದ ಹೊತ್ತಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಆರ್‌ಪಿಎಂ ಇತ್ತು ಅಂತ ಅದರಲ್ಲಿರುತ್ತೆ, ಕ್ಲಿಯರ್ ಒತ್ತಿದ್ರೆ ಅದೂ ಅಳಿಸಿಹೋಗುತ್ತೆ.

ಬ್ರೇಕ್ ವಿಷಯದಲ್ಲಿ ನೋಡೋದು ನಮ್ಮ ಕೆಲಸ, ಬಿಚ್ಚೋದು ಕಲಿತವರ ಕೆಲಸ ಅಂತಲೇ ಹೇಳ್ತೀನಿ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರುತ್ತೆ. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಡೇಪಕ್ಷ 230 ಡಿಗ್ರಿವರೆಗೆ ಕುದೀಬಾರದು, ನೀರು ಹೀರಿದ ಮೇಲೆ ಅದರ ಮಿತಿ 155ಕ್ಕೆ ಇಳಿಯುತ್ತೆ, ಉದ್ದದ ಇಳಿಜಾರಲ್ಲಿ ಬ್ರೇಕ್ ಒತ್ತಿ ಒತ್ತಿ ಕುದ್ರೆ ಒಳಗೆ ಆವಿ ತುಂಬಿ ಪೆಡಲ್ ಕೆಳಗೆ ಹೋಗಿಬಿಡುತ್ತೆ. ಡಬ್ಬದಲ್ಲಿ ಮಟ್ಟ ಇಳಿದಿದೆ ಅಂತ ಸುಮ್ಮನೆ ತುಂಬಿಸೋದೂ ತಪ್ಪು, ಬ್ರೇಕ್ ಪ್ಯಾಡ್ ಸವೆದಂಗೆಲ್ಲ ಮಟ್ಟ ಇಳಿಯೋದು ಸಹಜ, ಮೊದಲು ಪ್ಯಾಡ್ ನೋಡಿ, ಪ್ಯಾಡ್ ಚೆನ್ನಾಗಿದ್ರೆ ಲೀಕ್ ಹುಡುಕಿ. ಏರ್‌ಬ್ಯಾಗಿನ ಹಳದಿ ಕನೆಕ್ಟರ್, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್, ಇವೆರಡನ್ನ ಮುಟ್ಟೋ ಮಾತೇ ಬೇಡ.

ಈಗ ನಿಮ್ಮ ಎಲ್ಇಡಿ ಬಾಕ್ಸಿಗೆ ಬರ್ತೀನಿ. ಹ್ಯಾಲೊಜೆನ್ ಹೆಡ್‌ಲೈಟಿನ ರಿಫ್ಲೆಕ್ಟರ್‌ನ ಲೆಕ್ಕ ಹಾಕಿ ಮಾಡಿರೋದು ಬಲ್ಬಿನ ಫಿಲಮೆಂಟ್ ಎಲ್ಲಿ ಕೂರುತ್ತೆ ಅನ್ನೋದರ ಮೇಲೆ. ಅದೇ ಹೋಲ್ಡರಿಗೆ ಎಲ್ಇಡಿ ತುರುಕಿದ್ರೆ ಬೆಳಕು ಹುಟ್ಟೋ ಆಕಾರನೇ ಬೇರೆ, ಲೋ ಬೀಮಿನ ಬೆಳಕು ನಿಲ್ಲಬೇಕಾದ ಮೇಲಿನ ಗೆರೆ ಕದಡಿ ಬೆಳಕು ಎಲ್ಲೆಂದ್ರಲ್ಲಿ ಚೆಲ್ಲುತ್ತೆ. ಒಳಗೆ ಕೂತವನಿಗೆ ಕಾರಿನ ಮುಂದೆ ಹತ್ತಿರದ ರಸ್ತೆ ಬೆಳ್ಳಗೆ ಕಾಣೋದ್ರಿಂದ ಆಹಾ ಅನ್ಸುತ್ತೆ, ಎದುರಿಗೆ ಬರೋನಿಗೆ ಮಾತ್ರ ಕಣ್ಣು ಕತ್ತಲೆ. ನಾನು ಮೊದಲು ಹೇಳಿದ್ನಲ್ಲ, ತಪ್ಪಾದ್ರೆ ಯಾರಿಗೆ ಗೊತ್ತಾಗುತ್ತೆ ಅಂತ, ಇಲ್ಲಿ ಮಾಡಿದವನಿಗೆ ಕೊನೇವರೆಗೂ ಗೊತ್ತಾಗಲ್ಲ! ಹೆಚ್ಚು ವ್ಯಾಟಿನ ಬಲ್ಬ್ ಹಾಕೋದೂ ಅಷ್ಟೆ, ಎಷ್ಟೋ ಕಾರಲ್ಲಿ ಬರೋ ಎಚ್4 ಬಲ್ಬ್ (ಹೈ/ಲೋ ಬೀಮಿಗೆ) 60/55 ವ್ಯಾಟ್‌ದು, ಅಲ್ಲಿಗೆ 100/90 ಹಾಕಿದ್ರೆ ಅದೇ ಸಣ್ಣ ವೈರಲ್ಲಿ ಒಂದೂವರೆ ಪಟ್ಟಿಗೂ ಜಾಸ್ತಿ ಕರೆಂಟ್ ಹರಿದು ಹೋಲ್ಡರ್ ಕರಗ್ಬೋದು. ಬೆಳಕು ನಿಜವಾಗ್ಲೂ ಕಮ್ಮಿ ಇದ್ರೆ ಮೊದಲು ಮಬ್ಬಾದ ಪ್ಲಾಸ್ಟಿಕ್ ಲೆನ್ಸ್ ಪಾಲಿಶ್ ಮಾಡಿ, ಅರ್ತಿಂಗ್ ವೈರ್ ತುದಿ ತುಕ್ಕು ಹಿಡಿದಿದೆಯಾ ನೋಡಿ, ಬೀಮ್ ಎತ್ತರ ಸರಿ ಮಾಡಿಸಿ, ಅದೇ ವ್ಯಾಟಿನ ಹೊಸ ಬಲ್ಬ್ ಹಾಕಿ. ದೊಡ್ಡ ವೀಲ್ ಬಗ್ಗೆ ಜಾಸ್ತಿ ಬರೆಯಲ್ಲ, ಟೈರಿನ ಒಟ್ಟು ವ್ಯಾಸ ಜಾಸ್ತಿ ಆದ್ರೆ ಸ್ಪೀಡೋಮೀಟರ್ ನಿಜಕ್ಕಿಂತ ಕಮ್ಮಿ ತೋರಿಸುತ್ತೆ ಅನ್ನೋದನ್ನಾದ್ರೂ ಆ ಬಾಕ್ಸಲ್ಲಿ ಹಾಕ್ಬೇಕಿತ್ತು. ಅಪ್‌ಗ್ರೇಡ್‌ಗೆ ಅಂತ ದುಡ್ಡು ಇಟ್ಟಿರೋರು ಕಂಪನಿ ಹೇಳಿದ ಸೈಜಿನಲ್ಲೇ ಒಳ್ಳೇ ಟೈರ್ ಹಾಕಿಸಿದ್ರೆ ಬ್ರೇಕಿಂಗು, ಹಿಡಿತ, ಸದ್ದು ಮೂರರಲ್ಲೂ ವ್ಯತ್ಯಾಸ ಕಾಣುತ್ತೆ.

ಹಾಗಾಗಿ ನನ್ನ ಬೇಡಿಕೆ ಇಷ್ಟೆ, ಹೊಸ ಕಾರುಗಳ ಫೋಟೋ ಮಧ್ಯೆ ವಾರಕ್ಕೆ ಅರ್ಧ ಕಾಲಂ ಜಾಗ ಮಾಡಿ ಇಂಥ ಒಂದೊಂದು ಕೆಲಸದ ಬಗ್ಗೆ ಒಬ್ಬ ಅನುಭವಿ ಮೆಕ್ಯಾನಿಕ್ ಕೈಲಿ ಬರೆಸಿ. ಮೊದಲ ವಾರ ಜಾಕ್‌ನಿಂದ್ಲೇ ಶುರು ಮಾಡಿ. ಡಿಕ್ಕಿಯಲ್ಲಿ ಬರೋ ಜಾಕ್ ಇರೋದು ಟೈರ್ ಬದಲಾಯಿಸೋಕಷ್ಟೆ, ಕೆಳಗೆ ನುಗ್ಗೋದಾದ್ರೆ ಗಟ್ಟಿ ಸಮತಟ್ಟು ನೆಲ, ಚಕ್ರಕ್ಕೆ ಅಡ್ಡ, ಮ್ಯಾನ್ಯುಯಲ್‌ನಲ್ಲಿ ತೋರಿಸಿರೋ ಜಾಗದಲ್ಲಿ ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಅದಕ್ಕೆ ಫೋಟೋ ಹಾಕೋದಾದ್ರೆ ಸ್ಟ್ಯಾಂಡ್ ಮೇಲೆ ಕೂತಿರೋ ಕಾರಿಂದೇ ಹಾಕಿ ಸಾರ್, ಬರೀ ಜಾಕ್ ಮೇಲೆ ನಿಂತಿರೋ ಕಾರಿನ ಕೆಳಗೆ ಒಬ್ಬ ನಗ್ತಾ ಮಲಗಿರೋ ಫೋಟೋ ಬೇಡ.

ಇಂತಿ,
ನಿಮ್ಮ ಓದುಗ