ಲೆಕ್ಕಕ್ಕುಂಟು, ಆಟಕ್ಕಿಲ್ಲ

ಮಾನ್ಯ ಸಂಪಾದಕರೆ,

ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳು ತವರಿನಲ್ಲಿ ತರಬೇತಿ ಪಡೆದ ಇಂತಿಷ್ಟು ಆಟಗಾರರನ್ನು ತಂಡದಲ್ಲಿ ಇಟ್ಟುಕೊಳ್ಳಲೇಬೇಕು ಎಂಬ ನಿಯಮದ ಬಗ್ಗೆ ತಮ್ಮ ಕ್ರೀಡಾಪುಟದಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಲೇಖಕರು ಇದನ್ನು ಸ್ವದೇಶಿ ಆಟಗಾರರಿಗೆ ಕೊಟ್ಟ ಮೀಸಲಾತಿ ಎಂದು ಕರೆದು, ಪ್ರತಿಭೆಗೆ ಗಡಿ ಹಾಕಬಾರದು ಎಂದು ವಾದಿಸಿದ್ದಾರೆ. ಅವರ ಕಳಕಳಿಯನ್ನು ಗೌರವಿಸುತ್ತೇನೆ. ಆದರೆ ನಿಯಮದಲ್ಲಿ ಇರುವುದೇ ಬೇರೆ, ಅದರ ನಿಜವಾದ ದೋಷ ಇರುವ ಜಾಗವೂ ಬೇರೆ ಎಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಈ ನಿಯಮದಲ್ಲಿ ಪೌರತ್ವದ ಪ್ರಸ್ತಾಪವೇ ಇಲ್ಲ. ಪೌರತ್ವ ನೋಡಿ ಆಟಗಾರರನ್ನು ಎಣಿಸುತ್ತಿದ್ದ ಹಳೆಯ ಪದ್ಧತಿ, ಅಂದರೆ ಮೂವರು ವಿದೇಶಿಯರು ಮತ್ತು ಅಲ್ಲಿಯೇ ನೆಲೆಗೊಂಡ ಇನ್ನಿಬ್ಬರು ಎಂಬ ಮಿತಿ, 1995ರ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯ ನೀಡಿದ ಬೋಸ್ಮನ್ ಎಂಬ ಆಟಗಾರನ ಪ್ರಕರಣದ ತೀರ್ಪಿನೊಂದಿಗೆ ಮುಗಿದುಹೋಯಿತು. ಆ ಬಳಿಕ ಹಣವುಳ್ಳ ಕ್ಲಬ್‌ಗಳು ಎಲ್ಲೆಲ್ಲಿಂದಲೋ ಆಟಗಾರರನ್ನು ಕೊಂಡು ತರತೊಡಗಿದವು. 1999ರ ಡಿಸೆಂಬರ್ 26ರಂದು ಸೌತಾಂಪ್ಟನ್ ವಿರುದ್ಧ ಇಂಗ್ಲೆಂಡಿನ ಚೆಲ್ಸಿ ಕ್ಲಬ್ ಕಣಕ್ಕಿಳಿಸಿದ ಹನ್ನೊಂದು ಮಂದಿಯಲ್ಲಿ ಬ್ರಿಟನ್ನಿನ ಒಬ್ಬನೂ ಇರಲಿಲ್ಲ. 2005ರ ಏಪ್ರಿಲ್‌ನಲ್ಲಿ ಯುರೋಪಿಯನ್ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ, ತಾಲಿನ್ ನಗರದಲ್ಲಿ ಸಭೆ ಸೇರಿ ಹೊಸ ನಿಯಮವನ್ನು ಒಪ್ಪಿದ್ದು ಈ ಹಿನ್ನೆಲೆಯಲ್ಲಿ. ಆಟಗಾರ ಯಾವ ದೇಶದವನೇ ಆಗಿರಲಿ, ತನ್ನ 15ರಿಂದ 21ನೇ ವಯಸ್ಸಿನ ನಡುವೆ ಮೂರು ವರ್ಷ ಆ ಕ್ಲಬ್‌ನಲ್ಲಿ ಅಥವಾ ಅದೇ ದೇಶದ ಬೇರೊಂದು ಕ್ಲಬ್‌ನಲ್ಲಿ ತರಬೇತಿ ಪಡೆದಿದ್ದರೆ ಅವನು ತವರಿನವನು. 2006–07ರಲ್ಲಿ ಇಂಥ ನಾಲ್ವರು ಇರಬೇಕೆಂದು ಆರಂಭವಾದ ಲೆಕ್ಕ 2008–09ರ ಹೊತ್ತಿಗೆ ಕ್ಲಬ್ ನೋಂದಾಯಿಸುವ 25 ಆಟಗಾರರ ಪಟ್ಟಿಯಲ್ಲಿ ಎಂಟಕ್ಕೆ ಏರಿತು. ಆ ಎಂಟರಲ್ಲಿ ಕನಿಷ್ಠ ನಾಲ್ವರು ಅದೇ ಕ್ಲಬ್‌ನ ಗರಡಿಯಲ್ಲಿ ಪಳಗಿದವರಾಗಿರಬೇಕು. 2010–11ರಿಂದ ಇಂಗ್ಲಿಷ್ ಪ್ರೀಮಿಯರ್ ಲೀಗ್ ಕೂಡ ಇದೇ ದಾರಿ ಹಿಡಿದು, 25ರಲ್ಲಿ ಹೊರಗೆ ಬೆಳೆದವರು 17ಕ್ಕಿಂತ ಹೆಚ್ಚಿರಬಾರದೆಂದು ಗೊತ್ತುಪಡಿಸಿತು.

ಈ ವ್ಯಾಖ್ಯಾನದ ಫಲವಾಗಿ, ಹುಟ್ಟಿದ ನೆಲಕ್ಕೂ ನಿಯಮದ ಲೆಕ್ಕಕ್ಕೂ ತಾಳೆಯಾಗದ ಉದಾಹರಣೆಗಳು ಬೇಕಾದಷ್ಟು ಸಿಗುತ್ತವೆ. ಬಾರ್ಸಿಲೋನಾದ ಲಾ ಮಾಸಿಯಾ ಅಕಾಡೆಮಿಯಲ್ಲಿ ಆಟ ಕಲಿತ ಸೆಸ್ಕ್ ಫ್ಯಾಬ್ರಿಗಾಸ್ 2003ರಲ್ಲಿ ಹದಿನಾರರ ಹರೆಯದಲ್ಲಿ ಆರ್ಸೆನಲ್ ಸೇರಿದ್ದರಿಂದ ಇಂಗ್ಲೆಂಡಿನ ಲೆಕ್ಕದಲ್ಲಿ ತವರು ಆಟಗಾರ. ಆದರೆ ಹದಿನೈದು ತುಂಬಿದ ಮೇಲೆ ಮೂರು ವರ್ಷ ಬಾರ್ಸಿಲೋನಾದಲ್ಲಿ ಇರಲಿಲ್ಲವಾದ್ದರಿಂದ, 2011ರಲ್ಲಿ ಅಲ್ಲಿಗೆ ಮರಳಿದಾಗ ತನ್ನನ್ನು ಬೆಳೆಸಿದ ಕ್ಲಬ್‌ನಲ್ಲೇ ಆತ ಹೊರಗಿನವನು. ಇಂಗ್ಲೆಂಡಿನಲ್ಲಿ ಹುಟ್ಟಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನಲ್ಲಿ ಬೆಳೆದ ಎರಿಕ್ ಡೈಯರ್, ಇಂಗ್ಲೆಂಡ್ ರಾಷ್ಟ್ರೀಯ ತಂಡಕ್ಕೆ ಆಡಿದರೂ ಅಲ್ಲಿಯ ಟಾಟನ್‌ಹ್ಯಾಮ್ ಕ್ಲಬ್‌ನ ಪಟ್ಟಿಯಲ್ಲಿ ತವರಿನವರ ಸಾಲಿಗೆ ಸೇರಲಿಲ್ಲ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಹುಟ್ಟನ್ನು ಬಿಟ್ಟು ಕಲಿಕೆಯನ್ನು ಎಣಿಸುವುದೇ ಈ ನಿಯಮದ ಘನತೆ. ಬೇರೆ ದೇಶದಿಂದ ಬಂದು ಹದಿನಾರನೇ ವಯಸ್ಸಿನಿಂದ ಒಂದೇ ಕ್ಲಬ್‌ನಲ್ಲಿ ಬೆವರು ಸುರಿಸಿದ ಹುಡುಗನನ್ನು ಪರಕೀಯ ಎನ್ನದ ನಿಯಮವನ್ನು ಮೀಸಲಾತಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ನನ್ನ ಆಕ್ಷೇಪ ಇರುವುದು ನಿಯಮ ಏನನ್ನು ಅಳೆಯುತ್ತದೆ ಎಂಬುದರ ಬಗ್ಗೆ. ಆಟಗಾರರ ಖರೀದಿಯ ಅವಧಿ ಮುಗಿದ ಮೇಲೆ ಪ್ರತಿ ಸೆಪ್ಟೆಂಬರ್‌ನಲ್ಲಿ ಪ್ರೀಮಿಯರ್ ಲೀಗ್ ಎಲ್ಲ ಕ್ಲಬ್‌ಗಳ 25ರ ಪಟ್ಟಿಯನ್ನು ಪ್ರಕಟಿಸುತ್ತದೆ. ಹಲವು ವರ್ಷಗಳಿಂದ ಈ ಪಟ್ಟಿಯನ್ನು ಹೆಸರು ಹೆಸರಾಗಿ ಓದುವುದು ನನಗೆ ಅಭ್ಯಾಸವಾಗಿದೆ. ತವರು ಆಟಗಾರರ ಹೆಸರಿನ ಪಕ್ಕದಲ್ಲಿ ಪುಟ್ಟ ನಕ್ಷತ್ರದ ಗುರುತು ಇರುತ್ತದೆ. ದೊಡ್ಡ ಕ್ಲಬ್‌ಗಳ ಪಟ್ಟಿಯಲ್ಲಿ ಆ ನಕ್ಷತ್ರಗಳನ್ನು ಎಣಿಸಿ, ಋತುವಿನ ಕೊನೆಗೆ ಅವರಲ್ಲಿ ಯಾರು ಎಷ್ಟು ಆಡಿದರು ಎಂದು ನೋಡಿದರೆ ಮನಸ್ಸು ಕುಗ್ಗುತ್ತದೆ. ಎಂಟರ ಲೆಕ್ಕ ತುಂಬಿಸಲು ಅತಿ ಸುಲಭದ ಉಪಾಯವೆಂದರೆ, ತವರಿನ ಅನುಭವಿಯೊಬ್ಬನನ್ನು ಮೂರನೇ ಗೋಲ್‌ಕೀಪರ್ ಆಗಿ ಇಟ್ಟುಕೊಳ್ಳುವುದು. 2021ರ ಮೇ 14ರಂದು ನ್ಯೂಕ್ಯಾಸಲ್ ಮೈದಾನದಲ್ಲಿ ಮ್ಯಾಂಚೆಸ್ಟರ್ ಸಿಟಿಯ ಗೋಲು ಕಾಯಲು 35 ವರ್ಷದ ಸ್ಕಾಟ್ ಕಾರ್ಸನ್ ಬಂದು ನಿಂತರು. ಸಿಟಿ ಆಗಲೇ ಪ್ರಶಸ್ತಿ ಗೆದ್ದಾಗಿತ್ತು. ಕಾರ್ಸನ್‌ಗೆ ಅದು ಹತ್ತು ವರ್ಷಗಳಲ್ಲಿ ಮೊದಲ ಪ್ರೀಮಿಯರ್ ಲೀಗ್ ಪಂದ್ಯ. ಜೋ ವಿಲಕ್ ಒದ್ದ ಪೆನಾಲ್ಟಿಯನ್ನು ಅವರು ತಡೆದರು, ಪುಟಿದು ಬಂದ ಚೆಂಡನ್ನು ವಿಲಕ್ ಮತ್ತೆ ಒದ್ದು ಗೋಲಾಗಿಸಿದರು, ಕೊನೆಗೆ ಸಿಟಿ 4–3ರಿಂದ ಗೆದ್ದಿತು. ಸಿಟಿಯಲ್ಲಿದ್ದ ಆರು ಋತುಗಳಲ್ಲಿ ಕಾರ್ಸನ್ ಆಡಿದ್ದು ಒಟ್ಟು ಎರಡೇ ಪಂದ್ಯ. ಅಂಥ ಹಿರಿಯನೊಬ್ಬ ತಂಡದ ಅಭ್ಯಾಸಕ್ಕೆ, ಕಿರಿಯರ ಧೈರ್ಯಕ್ಕೆ ಎಷ್ಟು ಆಸರೆಯಾಗುತ್ತಾನೆ ಎಂಬುದನ್ನು ನಾನು ಬಲ್ಲೆ. ಅವರ ಬಗ್ಗೆ ನನ್ನಲ್ಲಿ ಗೌರವವಷ್ಟೇ ಇದೆ. ಆದರೆ ಎಳೆಯರನ್ನು ಬೆಳೆಸಬೇಕೆಂದು ಮಾಡಿದ ನಿಯಮದ ಎಂಟು ಸ್ಥಾನಗಳಲ್ಲಿ ಒಂದು ಹೀಗೆಯೇ ತುಂಬಿಹೋದರೆ, ಆ ನಿಯಮ ಯಾರನ್ನು ಬೆಳೆಸಿದಂತಾಯಿತು? ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ನಮ್ಮ ಮಾತನ್ನು ಇಲ್ಲಿ ತಿರುಗಿಸಿ ಹೇಳಬೇಕಾಗಿದೆ.

ಆಡುವ ಅವಕಾಶ ಸಿಗದ ಹುಡುಗ ಏನು ಮಾಡುತ್ತಾನೆ ಎಂಬುದಕ್ಕೆ ಜೇಡನ್ ಸ್ಯಾಂಚೊ ಅವರ ದಾರಿಯನ್ನು ನೋಡಬಹುದು. ಸಿಟಿಯ ಅಕಾಡೆಮಿಯಲ್ಲಿದ್ದ ಆತ 2017ರ ಆಗಸ್ಟ್‌ನಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಮೊದಲ ತಂಡದಲ್ಲಿ ಆಡುವ ಅವಕಾಶ ಅರಸಿ ಜರ್ಮನಿಯ ಬೊರೂಸಿಯಾ ಡಾರ್ಟ್‌ಮಂಡ್‌ಗೆ ಹೊರಟುಹೋದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ 17 ವರ್ಷದೊಳಗಿನವರ ತಂಡ, ಫೈನಲ್‌ನಲ್ಲಿ ಎರಡು ಗೋಲು ಹಿಂದೆ ಬಿದ್ದರೂ ಸ್ಪೇನ್ ತಂಡವನ್ನು 5–2ರಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಟೂರ್ನಿಯ ನಡುವೆಯೇ ಸ್ಯಾಂಚೊ ಅವರನ್ನು ಡಾರ್ಟ್‌ಮಂಡ್ ವಾಪಸು ಕರೆಸಿಕೊಂಡಿದ್ದರಿಂದ ಅವರು ಆ ಫೈನಲ್ ಆಡಲಿಲ್ಲ. ಜರ್ಮನಿಯಲ್ಲಿ ಅವರಿಗೆ ಪಂದ್ಯಗಳಿದ್ದವು. ನಾಲ್ಕು ವರ್ಷಗಳ ಬಳಿಕ ಮ್ಯಾಂಚೆಸ್ಟರ್ ಯುನೈಟೆಡ್ ಅವರನ್ನು ಸುಮಾರು 7.3 ಕೋಟಿ ಪೌಂಡ್ ಕೊಟ್ಟು ಕೊಂಡುತಂದಿತು. ಇಂಗ್ಲೆಂಡಿನ ಅಕಾಡೆಮಿಗಳು ಕಲಿಸುವುದರಲ್ಲಿ ಹಿಂದೆ ಬಿದ್ದಿಲ್ಲ, ಕಲಿತವನನ್ನು ಆಡಿಸುವ ಹಂತದಲ್ಲಿ ಬಾಗಿಲು ಕಿರಿದಾಗಿದೆ. ಹೆಸರು ನೋಂದಾಯಿಸಿದ ತಿಂಗಳುಗಳನ್ನು ಎಣಿಸುವ ನಿಯಮಕ್ಕೆ ಆ ಬಾಗಿಲು ಕಾಣುವುದೇ ಇಲ್ಲ.

ಇನ್ನೊಂದು ತೊಡಕು ‘ಅದೇ ದೇಶದ ಬೇರೊಂದು ಕ್ಲಬ್’ ಎಂಬ ಮಾತಿನಲ್ಲಿದೆ. ಎಂಟರಲ್ಲಿ ನಾಲ್ವರು ಎಲ್ಲಿಯೋ ಬೆಳೆದವರಾಗಿರಬಹುದು ಎಂದಾಗ, ಸಿರಿವಂತ ಕ್ಲಬ್ ತಾನೇ ಬೆಳೆಸುವ ಬದಲು ನೆರೆಯವರು ಬೆಳೆಸಿದ ಫಸಲನ್ನು ಕೊಳ್ಳುತ್ತದೆ. ಪ್ರೀಮಿಯರ್ ಲೀಗ್‌ನಲ್ಲಂತೂ ಸ್ವಂತ ಕ್ಲಬ್‌ನಲ್ಲಿ ಬೆಳೆದವರು ಇರಲೇಬೇಕೆಂಬ ಷರತ್ತೂ ಇಲ್ಲ. ಹೀಗಾಗಿ ತವರು ಆಟಗಾರನ ಬೆಲೆ ಏರುತ್ತದೆ, ಬೆಳೆಸುವ ಕೆಲಸ ಸಣ್ಣವರ ಹೆಗಲಿಗೆ ಬೀಳುತ್ತದೆ. 2012ರಲ್ಲಿ ಇಂಗ್ಲೆಂಡಿನ ಅಕಾಡೆಮಿಗಳಿಗೆ ತಂದ ಹೊಸ ವ್ಯವಸ್ಥೆಯಲ್ಲಿ ಎಳೆಯ ಆಟಗಾರರನ್ನು ಕರೆದೊಯ್ಯುವ ದೊಡ್ಡ ಕ್ಲಬ್ ಕೊಡಬೇಕಾದ ಪರಿಹಾರವನ್ನು ನಿಗದಿತ ದರಕ್ಕೆ ಇಳಿಸಿದ್ದರಿಂದ ಪರಿಸ್ಥಿತಿ ಇನ್ನಷ್ಟು ಬಿಗಡಾಯಿಸಿತು. ತನ್ನ ಅತ್ಯುತ್ತಮ ಹುಡುಗರು ಅತ್ಯಲ್ಪ ಪರಿಹಾರಕ್ಕೆ ಕೈತಪ್ಪಿಹೋಗುವುದನ್ನು ಕಂಡು ಬೇಸತ್ತ ಬ್ರೆಂಟ್‌ಫರ್ಡ್ ಕ್ಲಬ್ 2016ರಲ್ಲಿ ತನ್ನ ಅಕಾಡೆಮಿಯನ್ನೇ ಮುಚ್ಚಿಬಿಟ್ಟಿತು. ಮತ್ತೆ ತೆರೆದದ್ದು ಆರು ವರ್ಷಗಳ ಬಳಿಕ.

ಈ ದೋಷ ನನ್ನೊಬ್ಬನ ಕಣ್ಣಿಗೆ ಬಿದ್ದದ್ದಲ್ಲ. ಬೆಲ್ಜಿಯಂನ ರಾಯಲ್ ಆಂಟ್‌ವೆರ್ಪ್ ಕ್ಲಬ್ ಹೂಡಿದ ಪ್ರಕರಣದಲ್ಲಿ ತೀರ್ಪಿಗೆ ಮುನ್ನ ಯುರೋಪಿಯನ್ ನ್ಯಾಯಾಲಯಕ್ಕೆ ಸಲಹೆ ನೀಡುವ ಅಡ್ವೊಕೇಟ್ ಜನರಲ್ 2023ರಲ್ಲಿ ನೀಡಿದ ಅಭಿಪ್ರಾಯವೂ ಬೇರೆ ಕ್ಲಬ್‌ನಲ್ಲಿ ಬೆಳೆದವರನ್ನು ಸೇರಿಸಿಕೊಳ್ಳುವ ಭಾಗವನ್ನೇ ಪ್ರಶ್ನಿಸಿತ್ತು. ಅದೇ ವರ್ಷ ಡಿಸೆಂಬರ್ 21ರ ತೀರ್ಪಿನಲ್ಲಿ ನ್ಯಾಯಾಲಯವು, ಇಂಥ ನಿಯಮಗಳು ಸ್ಪರ್ಧಾ ಕಾನೂನಿಗೂ ಕಾರ್ಮಿಕರ ಮುಕ್ತ ಸಂಚಾರಕ್ಕೂ ವಿರುದ್ಧವಾಗಬಹುದು, ಎಳೆಯರ ತರಬೇತಿಗೆ ಅವು ನಿಜಕ್ಕೂ ನೆರವಾಗುತ್ತಿವೆಯೇ ಎಂಬುದನ್ನು ಬೆಲ್ಜಿಯಂನ ನ್ಯಾಯಾಲಯವೇ ಪರಿಶೀಲಿಸಬೇಕು ಎಂದಿತು. ತಮ್ಮ ಲೇಖಕರು ಈ ತೀರ್ಪನ್ನು ನಿಯಮದ ಮರಣಶಾಸನವೆಂಬಂತೆ ಉಲ್ಲೇಖಿಸಿದ್ದಾರೆ. ನನಗೆ ಅದು ಹಾಗೆ ಕಾಣುವುದಿಲ್ಲ. ಉದ್ದೇಶ ಸರಿಯಿದ್ದರೆ ಸಾಲದು, ಫಲ ತೋರಿಸಿ ಎಂದು ಅದು ಕೇಳಿದೆ, ಮತ್ತು ಈಗಿನ ರೂಪದಲ್ಲಿ ಫಲ ತೋರಿಸುವುದು ನಿಯಮ ಮಾಡಿದವರಿಗೆ ಕಷ್ಟ.

ಇದರ ಜೊತೆಗೆ ಹಣಕಾಸಿನ ನಿಯಮವೊಂದು ವಿರುದ್ಧ ದಿಕ್ಕಿಗೆ ಜಗ್ಗಿದ್ದನ್ನೂ ಹೇಳಬೇಕು. ಮೂರು ವರ್ಷಗಳಲ್ಲಿ ನಷ್ಟ 10.5 ಕೋಟಿ ಪೌಂಡ್ ಮೀರಬಾರದೆಂದು ಪ್ರೀಮಿಯರ್ ಲೀಗ್ ವಿಧಿಸಿದ್ದ ಮಿತಿಯಡಿ, ಕೊಂಡ ಆಟಗಾರನನ್ನು ಮಾರಿದರೆ ಅವನ ಖರೀದಿ ವೆಚ್ಚದ ಉಳಿದ ಭಾಗವನ್ನು ಕಳೆದು ಲಾಭ ಲೆಕ್ಕಹಾಕಬೇಕಿತ್ತು. ಅಕಾಡೆಮಿಯಲ್ಲಿ ಬೆಳೆದವನಿಗೆ ಖರೀದಿ ಬೆಲೆಯೇ ಇಲ್ಲದ್ದರಿಂದ ಅವನನ್ನು ಮಾರಿ ಬಂದದ್ದೆಲ್ಲ ಲಾಭ. ಆರನೇ ವಯಸ್ಸಿನಿಂದ ಚೆಲ್ಸಿಯಲ್ಲಿದ್ದ ಮೇಸನ್ ಮೌಂಟ್ 2023ರಲ್ಲಿ, ಬಾಲ್ಯದಿಂದ ಅಲ್ಲೇ ಬೆಳೆದ ಕಾನರ್ ಗ್ಯಾಲಗರ್ 2024ರಲ್ಲಿ ಬೇರೆ ಕ್ಲಬ್‌ಗಳ ಪಾಲಾದರು. ಪ್ರತಿ ಮಾರಾಟಕ್ಕೂ ಇದೊಂದೇ ಕಾರಣವೆಂದು ಹೇಳಲಾರೆ. ಆದರೂ ಒಂದು ನಿಯಮ ಬೆಳೆಸು ಎನ್ನುವಾಗ ಇನ್ನೊಂದು ಬೆಳೆಸಿದವನನ್ನು ಮಾರು ಎಂದರೆ, ಕ್ಲಬ್ ಯಾವುದರ ಮಾತು ಕೇಳುತ್ತದೆಂದು ಊಹಿಸುವುದು ಕಷ್ಟವಲ್ಲ.

ನಿಯಮವನ್ನು ಕೈಬಿಡಿ ಎಂದು ನಾನು ಹೇಳುವುದಿಲ್ಲ. ಅದರ ಆಸೆ ಎಂಥದ್ದೆಂದು 2012ರ ನವೆಂಬರ್ 25ರಂದು ಬಾರ್ಸಿಲೋನಾ ತೋರಿಸಿತ್ತು. ಲೆವಾಂಟೆ ವಿರುದ್ಧದ ಪಂದ್ಯದ 14ನೇ ನಿಮಿಷದಲ್ಲಿ ಗಾಯಗೊಂಡ ಡ್ಯಾನಿ ಆಲ್ವೆಸ್ ಹೊರನಡೆದು ಮಾರ್ಟಿನ್ ಮೊಂಟೊಯಾ ಒಳಬಂದಾಗ, ಮೈದಾನದಲ್ಲಿದ್ದ ಬಾರ್ಸಿಲೋನಾದ ಹನ್ನೊಂದೂ ಮಂದಿ ಲಾ ಮಾಸಿಯಾದವರೇ ಆದರು. ಅಂದು ಆ ತಂಡ ಗೆದ್ದದ್ದು 4–0ರಿಂದ. ಯಾವ ಪಟ್ಟಿಯ ಒತ್ತಾಯವೂ ಇಲ್ಲದೆ ಇದು ಸಾಧ್ಯವಾದದ್ದು, ಆ ಹುಡುಗರನ್ನು ವರ್ಷಗಟ್ಟಲೆ ನಿಜವಾದ ಪಂದ್ಯಗಳಲ್ಲಿ ಆಡಿಸಿದ್ದರಿಂದ.

ಆದ್ದರಿಂದ ಎಣಿಸಬೇಕಾದದ್ದು ಆಡಿದ ನಿಮಿಷಗಳನ್ನು. ಮೆಕ್ಸಿಕೊದ ಅಗ್ರ ಲೀಗ್ ಕಿರಿಯ ಆಟಗಾರರು ಒಂದು ಟೂರ್ನಿಯಲ್ಲಿ ಒಟ್ಟು 1,000 ನಿಮಿಷ ಆಡಿರಬೇಕೆಂಬ ಷರತ್ತನ್ನು ಹಾಕಿ ನೋಡಿದೆ. ಸ್ವಂತ ಅಕಾಡೆಮಿಯ ಆಟಗಾರರು ಲೀಗ್ ಪಂದ್ಯಗಳಲ್ಲಿ ಮೈದಾನದಲ್ಲಿ ಕಳೆದ ನಿಮಿಷಗಳಿಗೆ ತಕ್ಕಂತೆ ಪ್ರಸಾರದ ಆದಾಯದಲ್ಲಿ ಒಂದು ಪಾಲನ್ನು ಹಂಚಿದರೆ, ಬಲವಂತವಿಲ್ಲದೆ ಕ್ಲಬ್‌ಗಳ ನಡವಳಿಕೆ ಬದಲಾಗುತ್ತದೆ, ನ್ಯಾಯಾಲಯದ ಆಕ್ಷೇಪಕ್ಕೂ ಆಸ್ಪದ ಕಡಿಮೆ. ಆಟಗಾರನೊಬ್ಬ ಹಣಕ್ಕೆ ದೇಶ ದಾಟಿದಾಗ, ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಆ ಮೊತ್ತದ ಶೇ 5ರಷ್ಟು ಹಂಚುವ ಫಿಫಾ ಪದ್ಧತಿ ಈಗಾಗಲೇ ಇದೆ. ಅಂಥದ್ದನ್ನು ದೇಶದೊಳಗಿನ ವರ್ಗಾವಣೆಗೂ ಇನ್ನೂ ಉದಾರವಾಗಿ ಅನ್ವಯಿಸಿದರೆ, ಬ್ರೆಂಟ್‌ಫರ್ಡ್‌ನಂಥ ಕ್ಲಬ್ ಇನ್ನೊಮ್ಮೆ ಅಕಾಡೆಮಿಗೆ ಬೀಗ ಹಾಕುವ ಪ್ರಸಂಗ ಬಾರದು.

ತಮ್ಮಲ್ಲಿ ಒಂದು ಕೋರಿಕೆಯಿದೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಕ್ಲಬ್‌ಗಳ ಪಟ್ಟಿ ಪ್ರಕಟವಾದಾಗ ತಮ್ಮ ಕ್ರೀಡಾಪುಟದಲ್ಲಿ ಎಂಟು ತವರು ಆಟಗಾರರ ಹೆಸರುಗಳ ಮುಂದೆ, ಹಿಂದಿನ ಋತುವಿನಲ್ಲಿ ಅವರು ಆಡಿದ ನಿಮಿಷಗಳನ್ನೂ ದಯವಿಟ್ಟು ಮುದ್ರಿಸಿ.

ಇಂತಿ,
ತಮ್ಮ ವಿಶ್ವಾಸಿ ಓದುಗ