ಟಿಕ್ ಒತ್ತಿದ್ದು ನಾನು, ಒಪ್ಪಿದ್ದು ಯಾರು?

ಮಾನ್ಯ ಸಂಪಾದಕರೇ,

ನಾನು ಲಿಂಗಸೂಗೂರು ತಾಲ್ಲೂಕಿನ ಒಂದು ಹೋಬಳಿ ಊರಿನಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದೇನೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್, ರೀಚಾರ್ಜ್ ಎಲ್ಲ ನಡೆಯುತ್ತೆ. ಎರಡು ಮೂರು ವರ್ಷದಿಂದ ಇನ್ನೊಂದು ಕೆಲಸ ಸೇರಿಕೊಂಡಿದೆ. ಮಕ್ಕಳು ಟೂರ್ನಮೆಂಟಿಗೆ ಹೋಗಬೇಕಾದರೆ ಪಾಲಕರು ತುಂಬಬೇಕಾದ ಆನ್‌ಲೈನ್ ಒಪ್ಪಿಗೆ ಫಾರಂ. ಆಡುವಾಗ ಪೆಟ್ಟಾದರೆ ನಡೆಸುವವರು ಹೊಣೆಯಲ್ಲ, ಮಗುವಿನ ಆರೋಗ್ಯ ಸರಿ ಇದೆ, ಕಳಿಸೋಕೆ ನಮ್ಮ ಒಪ್ಪಿಗೆ ಇದೆ ಅಂತೆಲ್ಲ ಅದರಲ್ಲಿ ಬರೆದಿರುತ್ತೆ. ಕೆಳಗಿನ ಚೌಕದಲ್ಲಿ ಟಿಕ್ ಮಾಡಿ, ಫೋನಿಗೆ ಬಂದ ಓಟಿಪಿ ಹಾಕಿದರೆ ಮುಗೀತು. ಕೇಳೋಕೆ ಐದು ನಿಮಿಷದ ಕೆಲಸ. ಹೋದ ವಾರ ಒಬ್ಬ ತರಬೇತುದಾರರು ನನ್ನ ಅಂಗಡಿಯಲ್ಲೇ ನಿಂತು, 'ಈ ಕಡೆ ಪಾಲಕರಿಗೆ ಮಕ್ಕಳ ಬಗ್ಗೆ ಕಾಳಜಿನೇ ಇಲ್ಲ ಬಿಡ್ರಿ, ಹತ್ತು ಸಲ ಲಿಂಕ್ ಕಳಿಸಿದ್ರೂ ತುಂಬಂಗಿಲ್ಲ' ಅಂದರು. ಗಿರಾಕಿಗಳಿದ್ದರು, ಅವರೆದುರು ನಾನು ಏನೂ ಹೇಳಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. 'ಮೇಲಿನದೆಲ್ಲ ಓದಿ, ತಿಳಿದು ಒಪ್ಪಿದ್ದೇನೆ' ಅನ್ನುವ ಚೌಕ ಇದೆಯಲ್ಲ, ಅದನ್ನು ನಮ್ಮೂರಿನ ಎಷ್ಟೋ ಪಾಲಕರ ಪರವಾಗಿ ಒತ್ತಿದ್ದು ನಾನು. ಅವರು ಓದಿರಲಿಲ್ಲ. ಮೊದಮೊದಲು ನಾನೂ ಓದಿರಲಿಲ್ಲ. ಏಳೆಂಟು ಪುಟ ಇಂಗ್ಲಿಷು, ಹಿಂದೆ ಆರು ಜನ ಕಾಯುತ್ತಿರುತ್ತಾರೆ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. 30 ರೂಪಾಯಿ ತೊಗೊಂಡೆ, ಒತ್ತಿದೆ, ಕಳಿಸಿದೆ. ನಡೆಸುವವರ ಲೆಕ್ಕದಲ್ಲಿ ಅಷ್ಟೂ ಪಾಲಕರು ಓದಿ ಒಪ್ಪಿದವರು.

ಹೋದ ಡಿಸೆಂಬರ್‌ನಲ್ಲಿ ನಡೆದದ್ದು ಹೇಳುತ್ತೇನೆ. ನಮ್ಮೂರಿನ 14 ವರ್ಷದೊಳಗಿನ ಹುಡುಗಿಯರ ಖೋಖೋ ತಂಡ ಬೇರೆ ಜಿಲ್ಲೆಗೆ ಆಡೋಕೆ ಹೊರಟಿತ್ತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಆಯ್ತಲ್ಲ, ನಮ್ಮ ಹೆಣ್ಣುಮಕ್ಕಳು ಗೆದ್ದರು, ಆ ತಂಡದಲ್ಲಿ ಮೈಸೂರು ಜಿಲ್ಲೆ ಕುರುಬೂರಿನ ಚೈತ್ರಾ ಇದ್ದರು. ಅದರ ವಿಡಿಯೊ ನೋಡಿದ ಮೇಲೆ ನಮ್ಮೂರ ಹುಡುಗಿಯರಿಗೆ ಅಂಕಣ ಬಿಟ್ಟು ಮನೆಗೆ ಹೋಗೋಕೆ ಮನಸ್ಸೇ ಇರಲಿಲ್ಲ. 12 ಜನರ ಹೆಸರು ಹೋಯಿತು. ಫಾರಂ ತುಂಬಲು ಸಿಕ್ಕಿದ್ದು ಮೂರೇ ದಿನ. ಡಿಸೆಂಬರ್ ಅಂದರೆ ಇಲ್ಲಿ ಹತ್ತಿ ಬಿಡಿಸುವ ಕಾಲ, ತೊಗರಿ ಕೊಯ್ಯುವ ಕಾಲ. ಬೆಳಿಗ್ಗೆ ಆರಕ್ಕೆ ಟಂಟಂ ಹತ್ತಿದ ತಾಯಂದಿರು ಮನೆ ಸೇರುವುದು ಕತ್ತಲಾದ ಮೇಲೆ. ಹೊಲ ಇಲ್ಲದವರು, ಮಳೆ ಕೈಕೊಟ್ಟವರು ಅಷ್ಟರಲ್ಲಿ ಗುಳೆ ಹೋಗಿರುತ್ತಾರೆ, ಬೆಂಗಳೂರಿಗೋ ಪುಣೆಗೋ.

ತಂಡದಲ್ಲಿ ಒಬ್ಬ ಹುಡುಗಿ ಇದ್ದಳು. ಕಂಬದ ಹತ್ತಿರ ಡೈವ್ ಹೊಡೆದರೆ ನೋಡುವವರು ಎದ್ದು ನಿಲ್ಲಬೇಕು, ಅಂಥ ಆಟ. ಅಪ್ಪ-ಅವ್ವ ಬೆಂಗಳೂರಲ್ಲಿ ಕಟ್ಟಡದ ಕೆಲಸ, ಇವಳು ಅಜ್ಜಿ ಜೊತೆ ಇಲ್ಲಿ. ಕೊನೆಯ ದಿನ ಸಂಜೆ ಏಳಕ್ಕೆ ಅಂಗಡಿಗೆ ಬಂದು ಸ್ಟೂಲ್ ಮೇಲೆ ಕೂತಳು. ಓಟಿಪಿ ಅಪ್ಪನ ನಂಬರಿಗೆ ಹೋಗುತ್ತೆ. ಅಪ್ಪನ ಫೋನು ಶೆಡ್ಡಿನಲ್ಲಿ ಚಾರ್ಜಿಗೆ, ಅಪ್ಪ ಮೂರನೇ ಮಹಡಿಯಲ್ಲಿ. ಅವರು ಇಳಿದು ಬಂದು ಫೋನ್ ಮಾಡಿ ನಂಬರ್ ಓದುವಷ್ಟರಲ್ಲಿ ಟೈಮ್ ಮುಗಿದಿತ್ತು. ಮತ್ತೆ ಕಳಿಸಿದೆ. ಈ ಸಲ ನಡುವೆ ನೆಟ್‌ವರ್ಕ್ ಹೋಯಿತು. ಮೂರನೇ ಸಲ ಕಳಿಸಿದಾಗ ಪರದೆ ಮೇಲೆ '24 ಗಂಟೆ ಬಿಟ್ಟು ಪ್ರಯತ್ನಿಸಿ' ಅಂತ ಬಂತು. ಕೊನೆಯ ಸಮಯ ಅವತ್ತು ರಾತ್ರಿ 12. ಹುಡುಗಿ ಅಳಲಿಲ್ಲ. 'ಅಣ್ಣಾ, ನಾಳಿ ಬರ್ತೀನಿ' ಅಂದು ಎದ್ದು ಹೋದಳು. ನಾಳೆ ಬಂದು ಏನು ಮಾಡೋದು ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೀಗೆ ಮೂವರ ಹೆಸರು ಬಿತ್ತು. ಒಂಬತ್ತು ಜನ ಉಳಿದರು. ಖೋಖೋದಲ್ಲಿ ಬೆನ್ನಟ್ಟಲು ಒಂಬತ್ತು ಜನ ಬೇಕೇ ಬೇಕು, ಎಂಟು ಜನ ಕೂರುತ್ತಾರೆ, ಒಬ್ಬಳು ಓಡುತ್ತಾಳೆ. ಬದಲಿ ಆಟಗಾರ್ತಿ ಒಬ್ಬಳೂ ಇಲ್ಲದೆ ತಂಡ ಹೋಯಿತು. ಎರಡನೇ ಪಂದ್ಯದಲ್ಲಿ ಒಬ್ಬಳ ಪಾದ ಹೊರಳಿತು. ಮುಂದಿನದು ಕೇಳಿ. ನಡೆಸುವವರು ಫಾರಂ ತೆಗೆದು ಅದರಲ್ಲಿದ್ದ ತುರ್ತು ನಂಬರಿಗೆ ಫೋನ್ ಹಚ್ಚಿದರು. ಅದು ರಿಂಗಾಗಿದ್ದು ಅಲ್ಲೇ ಪಕ್ಕದಲ್ಲಿ ನಿಂತಿದ್ದ ಪಿಟಿ ಸರ್ ಜೇಬಿನಲ್ಲಿ! ಯಾಕೆಂದರೆ ಉಳಿದ ಒಂಬತ್ತು ಫಾರಂಗಳಲ್ಲಿ ಆರಕ್ಕೆ ಅವರು ತಮ್ಮದೇ ನಂಬರ್ ಕೊಟ್ಟಿದ್ದರು. ಇಲ್ಲದಿದ್ದರೆ ಆ ಆರೂ ಜನ ಹೋಗುತ್ತಿರಲಿಲ್ಲ. ಸರ್‌ ಮೇಲೆ ನನಗೆ ಸಿಟ್ಟಿಲ್ಲ, ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಪೆಟ್ಟಾದ ಹುಡುಗಿಯ ತಾಯಿಗೆ ಸುದ್ದಿ ಮುಟ್ಟಿದ್ದು ರಾತ್ರಿ ಒಂಬತ್ತಕ್ಕೆ, ಅದೂ ಪಕ್ಕದ ಮನೆಯವರಿಂದ. ಪುಣ್ಯಕ್ಕೆ ಬರೀ ಉಳುಕು. ತಲೆಗೆ ಪೆಟ್ಟಾಗಿ ಆಸ್ಪತ್ರೆಯವರು, ಈ ಮಗುವಿಗೆ ಫಿಟ್ಸ್ ಇದೆಯಾ, ಯಾವ ಗುಳಿಗೆ ಆಗಿಬರಲ್ಲ ಅಂತ ಕೇಳಿದ್ದರೆ? ಆ ಕಾಲಂಗಳನ್ನು ತುಂಬಿದ್ದೂ ನಾನೇ. ಎಲ್ಲದಕ್ಕೂ 'ಇಲ್ಲ' ಅಂತ ಒತ್ತಿದ್ದೆ.

ಇನ್ನು ಫಾರಂ ಓದಿದ ಪಾಲಕರ ಕಥೆ. ಒಬ್ಬ ಅಕ್ಕನಿಗೆ ನಾನು ಈ ಸಲ ಕನ್ನಡದಲ್ಲಿ ಹೇಳೋಣ ಅಂತ ಮೊದಲಿನಿಂದ ಶುರು ಮಾಡಿದೆ. 'ಗಾಯ, ಶಾಶ್ವತ ಊನ, ಸಾವು ಸಂಭವಿಸಿದರೂ...' ಅನ್ನುವಷ್ಟರಲ್ಲಿ ಆಕೆ ಎದ್ದೇಬಿಟ್ಟಳು. 'ಬಿಡ್ತು ಅನ್ನೋ ತಮ್ಮಾ! ಕೂಸು ಆಡಾಕ ಹೊಂಟೈತಿ, ಸಾಯಾಕಲ್ಲ. ಹೊಂಡೂ ಹೊತ್ತಿನಾಗ ಇಂಥ ಮಾತಿಗೆ ನಾ ಹೆಬ್ಬೆಟ್ಟು ಒತ್ತಬೇಕೇನು?' ಅಂದಳು. ಏನು ಉತ್ತರ ಕೊಡುತ್ತೀರಿ? ವಕೀಲರ ಇಂಗ್ಲಿಷಿನಲ್ಲಿ ಅದು ಮಾಮೂಲಿ ಸಾಲು. ನಮ್ಮ ಮನೆಗಳಲ್ಲಿ ಮಗು ಹೊಸ್ತಿಲು ದಾಟುವಾಗ 'ಎಲ್ಲಿಗೆ' ಅಂತ ಕೇಳುವುದೂ ಇಲ್ಲ. ಆಡುವಾಗ ಬೀಳಬಹುದು, ಕೈಕಾಲು ಮುರಿಯಬಹುದು, ಅಪರೂಪಕ್ಕೆ ಅದಕ್ಕಿಂತ ದೊಡ್ಡದೂ ಆಗಬಹುದು, ಹಾಗಾದರೆ ನಾವು ಇಂಥಿಂಥದ್ದು ಮಾಡುತ್ತೇವೆ ಅಂತ ಬರೆದರೆ ಅದೇ ಅಕ್ಕ ಕೂತು ಕೇಳುತ್ತಾಳೆ.

ಲಿಂಕ್ ಒತ್ತಲ್ಲ ಅನ್ನೋ ದೂರಿಗೂ ಒಂದು ಮಾತು. ಲಿಂಕ್ ಒತ್ತಬೇಡಿ, ಓಟಿಪಿ ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರು ಹೇಳುತ್ತಾರೆ, ಪೊಲೀಸರು ಹೇಳುತ್ತಾರೆ, ದುಡ್ಡು ಹೋದರೆ 1930ಕ್ಕೆ ಫೋನ್ ಮಾಡಿ ಅಂತಾರೆ. ಮದುವೆ ಕಾರ್ಡು ಅಂತ ವಾಟ್ಸಾಪಿನಲ್ಲಿ ಬಂದ ಫೈಲ್ ತೆರೆದು ಖಾತೆ ಖಾಲಿ ಮಾಡಿಕೊಂಡವರ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಬಂದಿರುತ್ತೆ. ಹೀಗಿರುವಾಗ ಗುರುತಿಲ್ಲದ ನಂಬರಿನಿಂದ ಲಿಂಕ್ ಬಂದು, ಮಗುವಿನ ಆಧಾರ್ ಅಪ್‌ಲೋಡ್ ಮಾಡಿ, ಓಟಿಪಿ ಹಾಕಿ ಅಂದರೆ ಸುಮ್ನಿರುವ ಪಾಲಕ ಬುದ್ಧಿವಂತ ಅಲ್ವಾ? ಅಂದಹಾಗೆ ಆಧಾರ್ ವಿಷಯ ಬಂತು. ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಪ್ರತಿಯನ್ನು ಸರ್ಕಾರಿ ವೆಬ್‌ಸೈಟಿನಲ್ಲೇ ಡೌನ್‌ಲೋಡ್ ಮಾಡಬಹುದು. ವಯಸ್ಸು ನೋಡೋಕೆ ಅಷ್ಟು ಸಾಕು. ಆದರೂ ಪೂರ್ತಿ ಪ್ರತಿಯೇ ಕೇಳುತ್ತಾರೆ, ಅದೂ 200 ಕೆಬಿ ಒಳಗೆ. ಹಾಗೆ ಸಣ್ಣದು ಮಾಡಿದ ಮಕ್ಕಳ ಆಧಾರ್‌ಗಳು ನನ್ನ ಕಂಪ್ಯೂಟರಿನ ಡೌನ್‌ಲೋಡ್ಸ್‌ನಲ್ಲಿ ರಾಶಿ ಬಿದ್ದಿದ್ದವು. ಈಗ ಪ್ರತಿದಿನ ಅಂಗಡಿ ಮುಚ್ಚುವ ಮುಂಚೆ ಅಳಿಸುತ್ತೇನೆ. ಬೇರೆ ಸೆಂಟರ್‌ನವರು ಅಳಿಸುತ್ತಾರೋ ಇಲ್ಲವೋ, ಅವರನ್ನೇ ಕೇಳಬೇಕು.

ಕಾನೂನಿನ ಮಾತೂ ಸ್ವಲ್ಪ ಹೇಳಬೇಕು, ಯಾಕೆಂದರೆ ನಡೆಸುವವರು ಎಲ್ಲದಕ್ಕೂ 'ಲೀಗಲ್ ಸರ್, ನಮ್ಮ ಕೈಲಿಲ್ಲ' ಅಂತಾರೆ. 18 ತುಂಬದವರು ಮಾಡಿಕೊಂಡ ಕರಾರು ನಿಲ್ಲಲ್ಲ, 1872ರ ಕರಾರು ಕಾಯ್ದೆ ಕಾಲದಿಂದ ಇರುವ ಮಾತು, ಹಾಗಾಗಿ ಪಾಲಕರ ಸಹಿ ಬೇಕು, ಒಪ್ಪಿದೆ. ಆದರೆ ನಡೆಸುವವರದೇ ಅಜಾಗರೂಕತೆ ಇದ್ದರೆ ಈ ಫಾರಂ ತೋರಿಸಿ ಕೈ ತೊಳೆದುಕೊಳ್ಳೋದು ಅಷ್ಟು ಸುಲಭ ಇಲ್ಲ ಅಂತ ವಕೀಲರು ಹೇಳುತ್ತಾರೆ. ಓದದೆ ಒತ್ತಿದ ಟಿಕ್‌ಗಂತೂ ಇನ್ನೂ ಕಡಿಮೆ ಬೆಲೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿದೆ. 18ರೊಳಗಿನ ಮಕ್ಕಳ ಮಾಹಿತಿ ಬಳಸಲು ಪಾಲಕರು ನಿಜವಾಗಿ ಒಪ್ಪಿದ್ದಾರೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಒಪ್ಪಿಗೆ ಕೇಳುವಾಗ ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ತಮಗೆ ಬೇಕಾದದ್ದರಲ್ಲಿ ಓದುವ ಅವಕಾಶ ಕೊಡಬೇಕು. ಆ 22ರಲ್ಲಿ ಕನ್ನಡ ಇದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಪೂರ್ತಿ ಜಾರಿಗೆ 18 ತಿಂಗಳು ಟೈಮ್ ಕೊಟ್ಟಿದ್ದಾರೆ. ಕನ್ನಡದಲ್ಲಿ ಒಂದು ಪುಟ ಬರೆಸೋಕೆ 18 ತಿಂಗಳು ಯಾಕೆ ಬೇಕು ಅಂತ ನನಗೆ ಅರ್ಥ ಆಗಲ್ಲ.

ಜನವರಿಯಲ್ಲಿ ಇನ್ನೊಂದು ಟೂರ್ನಮೆಂಟ್ ಬಂತು. ಈ ಸಲ ಪಿಟಿ ಸರ್ ಮತ್ತು ನಾನು ಸೇರಿ ಬೇರೆ ಥರ ಮಾಡಿದೆವು. ನಮ್ಮೂರ ಸಂತೆ ಭಾನುವಾರ. ಸುತ್ತಲಿನ ಹಳ್ಳಿಯವರೆಲ್ಲ ಅವತ್ತು ಇಲ್ಲಿಗೆ ಬಂದೇ ಬರುತ್ತಾರೆ, ಕೂಲಿಯೂ ಇರಲ್ಲ. ಅಂಗಡಿ ಮುಂದೆ ಎರಡು ಬೆಂಚು ಹಾಕಿದೆವು. ಫಾರಂನಲ್ಲಿ ಏನಿದೆ ಅಂತ ಸರ್ ತಮ್ಮ ಧ್ವನಿಯಲ್ಲೇ ಒಂದೂವರೆ ನಿಮಿಷದ ಆಡಿಯೊ ಮಾಡಿ, ಗುಳೆ ಹೋದವರಿಗೆ ವಾಟ್ಸಾಪ್ ಮಾಡಿದ್ದರು. ಲಿಂಕ್ ಅಂದರೆ ಹೆದರುವವರು ಸರ್ ಧ್ವನಿ ಕೇಳಿ ಹೆದರಲಿಲ್ಲ. ಭಾನುವಾರ ಅವರೂ ರಜೆ, ಫೋನು ಕೈಯಲ್ಲೇ ಇತ್ತು, ಓಟಿಪಿ ತಕ್ಷಣ ಬಂತು. 12ಕ್ಕೆ 12 ಫಾರಂ ಮಧ್ಯಾಹ್ನ ಎರಡರೊಳಗೆ ಮುಗಿದವು. ಡಿಸೆಂಬರ್‌ನಲ್ಲಿ ಸ್ಟೂಲ್ ಮೇಲೆ ಕೂತಿದ್ದ ಹುಡುಗಿಯದೇ ಮೊದಲು.

ಅವತ್ತು ಬೆಂಚಿನ ಮೇಲೆ ಪಾಲಕರು ಕೇಳಿದ ಪ್ರಶ್ನೆಗಳನ್ನು ನಡೆಸುವವರು ಕೇಳಿಸಿಕೊಳ್ಳಬೇಕಿತ್ತು. ರಾತ್ರಿ ಎಲ್ಲಿ ಮಲಗಿಸ್ತೀರಿ? ಜೊತೆಗೆ ಹೆಣ್ಣು ಟೀಚರ್ ಯಾರು ಬರ್ತಾರೆ? ಕಕ್ಕಸಕ್ಕೆ ಬಾಗಿಲು ಚಿಲಕ ಐತೇನು? ವಾಪಸ್ ಯಾವ ಬಸ್ಸಿಗೆ, ಎಷ್ಟು ಹೊತ್ತಿಗೆ? ಇದರಲ್ಲಿ ಒಂದಕ್ಕೂ ಆ ಏಳು ಪುಟದಲ್ಲಿ ಉತ್ತರ ಇಲ್ಲ. ಟೀ ಶರ್ಟ್ ಸೈಜ್ ಎಷ್ಟು ಅಂತ ಮಾತ್ರ ಎರಡು ಕಡೆ ಕೇಳಿದ್ದಾರೆ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ, ಮಗುವಿನ ಫೋಟೊ, ವಿಡಿಯೊ ಎಲ್ಲಿ ಬೇಕಾದರೂ ಬಳಸಬಹುದು ಅಂತ ಇತ್ತು. ಅದನ್ನು ಓದಿ ಹೇಳಿದಾಗ ಇಬ್ಬರು ಅಪ್ಪಂದಿರು ಬೇಡ ಅಂದರು. ಬೇಡ ಅನ್ನೋಕೆ ಅಲ್ಲಿ ಚೌಕವೇ ಇಲ್ಲ. ಎಲ್ಲಕ್ಕೂ ಸೇರಿ ಒಂದೇ ಟಿಕ್. ಫೋಟೊ ಬೇಡ ಅಂದರೆ ಆಟವೂ ಬೇಡ ಅಂದಹಾಗೆ.

ಪಾಲಕರ ಪರ ಮಾತ್ರ ಮಾತಾಡಿದೆ ಅಂದುಕೊಳ್ಳಬೇಡಿ. ಇಂಗ್ಲಿಷ್ ಬರುವ, ದೊಡ್ಡ ಫೋನ್ ಇರುವ, ರಾಯಚೂರಿನಲ್ಲಿ ನೌಕರಿ ಮಾಡುವ ಅಪ್ಪಂದಿರೂ ನನಗೆ ಫೋನ್ ಮಾಡಿ 'ಏ ನೀನೇ ತುಂಬಿಬಿಡೋ ಮಾರಾಯ' ಅಂತಾರೆ. ಮಗನ ರಕ್ತದ ಗುಂಪು ಕೇಳಿದರೆ 'ಏನಾದ್ರೂ ಹಾಕು' ಅಂದವರಿದ್ದಾರೆ. ಇವರಿಗೆ ಯಾವ ಸಂತೆಯೂ ಸಾಲಲ್ಲ. ನಡೆಸುವವರ ಕಷ್ಟವೂ ಗೊತ್ತು. ನೂರಾರು ಮಕ್ಕಳು, ಒಬ್ಬ ಮಗುವಿಗೆ ಏನಾದರೂ ಆದರೆ ಊರೆಲ್ಲ ಬಂದು ಕೊರಳಪಟ್ಟಿ ಹಿಡಿಯುತ್ತೆ, ಅವರಿಗೂ ಒಂದು ದಾಖಲೆ ಬೇಕು.

ಹಾಗಿದ್ದರೆ ಅದು ಕೆಲಸಕ್ಕೆ ಬರುವ ದಾಖಲೆ ಆಗಿರಲಿ. ಕನ್ನಡದಲ್ಲಿ ಒಂದೇ ಪುಟ ಮಾಡಿ. ಆಟಕ್ಕೆ ಕಳಿಸುವ ಒಪ್ಪಿಗೆಗೆ ಒಂದು ಚೌಕ, ಫೋಟೊಗೆ ಬೇರೆ ಚೌಕ ಇಡಿ. ಮಲಗುವ ಜಾಗ, ಜೊತೆಗೆ ಬರುವವರ ಹೆಸರು, ವಾಪಸ್ ಬರುವ ಹೊತ್ತು ಮೊದಲು ನೀವು ತುಂಬಿ, ಆಮೇಲೆ ಪಾಲಕರನ್ನು ತುಂಬೋಕೆ ಕೇಳಿ. ಓಟಿಪಿ ಬಾರದವರಿಗೆ ಕಾಗದದ ಮೇಲೆ ಸಹಿಯೋ ಹೆಬ್ಬೆಟ್ಟೋ ಹಾಕಲು ಬಿಡಿ, ಅದನ್ನು ಶಾಲೆಯವರೋ ನನ್ನಂಥವರೋ ಸ್ಕ್ಯಾನ್ ಮಾಡಿ ಕಳಿಸುತ್ತೇವೆ. ವಿದ್ಯಾರ್ಥಿಗಳಿಗೆ ಕೊಡುವ ಗುರುತಿನ ಸಂಖ್ಯೆ ಅಪಾರ್ ಐಡಿಗೆ ಶಾಲೆಗಳಲ್ಲಿ ಪಾಲಕರ ಒಪ್ಪಿಗೆ ತೊಗೊಂಡಿದ್ದು ಕಾಗದದ ಮೇಲೇ, ಆಟಕ್ಕೆ ಯಾಕೆ ಆಗಬಾರದು? ಅಪ್ಪ-ಅವ್ವ ಗುಳೆ ಹೋಗಿದ್ದರೆ ಊರಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿಯ ಹೆಸರು, ನಂಬರ್ ಬರೆಯೋಕೂ ಒಂದು ಸಾಲು ಬೇಕು. ಎಲ್ಲಕ್ಕಿಂತ ಮುಖ್ಯ, ನಡುವೆ ಒಂದು ಸಂತೆ ದಿನವಾದರೂ ಸಿಗುವಷ್ಟು ಮುಂಚೆ ಕಳಿಸಿ.

ಈ ಪತ್ರ ಬರೆಯುತ್ತಿರುವಾಗಲೇ ಮುಂದಿನ ಟೂರ್ನಮೆಂಟಿನ ಲಿಂಕ್ ಬಂತು. ಇಂಗ್ಲಿಷು, ಏಳು ಪುಟ. ಇವತ್ತು ಸೋಮವಾರ. ತುಂಬಲು ಕೊನೆಯ ದಿನ ಶುಕ್ರವಾರ ಅಂತೆ.

ಇಂತಿ,
ಲಿಂಗಸೂಗೂರು ತಾಲ್ಲೂಕಿನ ಒಬ್ಬ ಆನ್‌ಲೈನ್ ಸೆಂಟರ್‌ನವ
ರಾಯಚೂರು ಜಿಲ್ಲೆ